ಮಂಗಳವಾರದ ಕುರ್ಚಿ

ಜೈಲಿನೆದುರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು. ತಂಗಿಯ ಕೊರಳಲ್ಲಿ ಜೈಲಿನ ಆಪ್ತಸಮಾಲೋಚಕಿ ಎಂಬ ಗುರುತಿನ ಚೀಟಿ. ಕೂರುತ್ತಾಳೆ, ಏಳುತ್ತಾಳೆ.

"ಒಂದು ಕಡೆ ಕೂತ್ಕೊಳ್ಳೇ. ನಿನ್ನ ಹತ್ರ ಬರ್ತಿದ್ದ ಆ ಕೈದಿ ಬಿಡುಗಡೆ ಏನಾಯ್ತು?"

"ಆಗ್ಲಿಲ್ಲಕ್ಕ. ಕೋಪ ಇನ್ನೂ ಹತೋಟಿಗೆ ಬಂದಿಲ್ಲ, ಆರು ತಿಂಗಳು ಬೇಕು ಅಂತ ವರದಿ ಬರೆದೆ."

"ನಿಜವಾಗ್ಲೂ ಬಂದಿಲ್ವಾ?"

"ಬಂದು ವರ್ಷ ಆಯ್ತು."

"ಮತ್ಯಾಕೆ ಹಾಗೆ ಬರೆದೆ?"

"ಅವನು ಹೋದ್ರೆ ಮಂಗಳವಾರ ನನ್ನೆದುರಿನ ಕುರ್ಚಿ ಖಾಲಿ. ವಾರವೆಲ್ಲ ಅವನ ಜೊತೆ ಮಾತಾಡೋ ಆ ಒಂದು ಗಂಟೆಗೇ ಕಾಯ್ತಿರ್ತೀನಿ."

"ತಲೆ ನೆಟ್ಟಗಿದೆಯೇನೇ? ಅವನಿಗೆ ಗೊತ್ತಾ?"

"ವರದಿ ನಾನೇ ಓದಿ ಹೇಳ್ಬೇಕು, ನಮ್ಮಲ್ಲಿ ಅದೇ ಪದ್ಧತಿ. ಓದಿದೆ."

"ಏನಂದ?"

"'ಕೋಪ ಇನ್ನೂ ಇದೆ ಅಂತ ನನಗೇ ಗೊತ್ತಿರಲಿಲ್ಲ. ಹೇಳಿದ್ದು ಒಳ್ಳೇದಾಯ್ತು ಮೇಡಂ' ಅಂದ."

ಬಸ್ ಬಂತು. ಅಕ್ಕ ಮೊದಲು ಹತ್ತಿ, ತನ್ನ ಪಕ್ಕದ ಸೀಟಿಗೆ ತಂಗಿಯನ್ನು ಬಿಟ್ಟು ನನ್ನನ್ನು ಕರೆದಳು.