ಕರ್ಪೂರದ ಆಣೆ, ಸೂರಮ್ಮಕ್ಕನ ಓಟು

ಅಧ್ಯಕ್ಷರಾದ ಬಾಲರಾಜ್ ಅವರೇ, ಪಂಚಾಯ್ತಿಯ ನನ್ನ ಸದಸ್ಯ ಮಿತ್ರರೇ, ಕೊಂಡ್ಲಹಳ್ಳಿಯಿಂದ ಬಂದಿರುವ ಸೂರಮ್ಮಕ್ಕನ ಅಣ್ಣ ದೊಡ್ಡಪಾಲಯ್ಯನವರೇ, ಮಗ ಅಂಜಿನೇಯ, ಸೊಸೆ ರಶ್ಮಿತಾ, ಊರಿನ ಹಿರಿಯರೇ, ತಾಯಂದಿರೇ — ಎಲ್ಲರಿಗೂ ಶರಣು.

ಹಿಂದೆ ಗೋಡೆಗೆ ಒರಗಿ ನಿಂತವರು ಮುಂದೆ ಬನ್ನಿ. ಕುರ್ಚಿ ಖಾಲಿ ಇವೆ. — ಬರುವುದಿಲ್ಲವೇ? ಇರಲಿ. ಅಲ್ಲಿಂದಲೇ ಕೇಳಿ. ಸೂರಮ್ಮಕ್ಕನ ಮಣ್ಣಿಗೆ ಬಾರದವರು ಈ ಸಂತಾಪ ಸಭೆಗಾದರೂ ಬಂದಿದ್ದೀರಿ. ಅದನ್ನು ಲಾಭದ ಕಡೆಗೇ ಬರೆದುಕೊಳ್ಳುತ್ತೇನೆ.

ನನ್ನನ್ನು ಎಲ್ಲರೂ ಬಲ್ಲಿರಿ. ಶೇಂಗಾ ವ್ಯಾಪಾರದ ಓಂಕಾರಮೂರ್ತಿ. ಚಳ್ಳಕೆರೆ ಮಂಡಿಯಲ್ಲಿ ಮೂಟೆ ಹೊತ್ತು ಶುರು ಮಾಡಿದವನು. ಮಾತು ಬರುತ್ತದೆ ಎಂದು ಮೈಕು ಕೊಟ್ಟಿದ್ದಾರೆ. ಇಂಥ ದಿನ ಮಾತು ಬರುವುದು ದೊಡ್ಡ ಗುಣವೇನಲ್ಲ.

ಸೂರಮ್ಮಕ್ಕನನ್ನು ನೀವು ಬಸ್ ನಿಲ್ದಾಣದ ಅವರ ಹೋಟೆಲಿನಲ್ಲಿ ಕಂಡಿದ್ದೀರಿ. ನಾನು ಈ ಹಾಲಿನಲ್ಲಿ, ಸಭೆಯ ಮೇಜಿನ ಆ ತುದಿಯಲ್ಲಿ ಸದಸ್ಯೆಯಾಗಿ ಕಂಡಿದ್ದೇನೆ. ಮೊದಲ ವರ್ಷ ತರಬೇತಿಗೆಂದು ಒಬ್ಬ ಸಾಹೇಬರು ಬಂದಿದ್ದರು. ಸಂವಿಧಾನ ಅಧಿಕಾರವನ್ನು ಹೇಗೆ ಹಂಚಿದೆ ಎಂದು ಬೋರ್ಡಿನ ಮೇಲೆ ಬರೆದರು. ಸೈನ್ಯ, ರೈಲು, ರಾಕೆಟ್ಟು ದಿಲ್ಲಿಯವರಿಗೆ. ಪೊಲೀಸು, ಜಮೀನು ಬೆಂಗಳೂರಿನವರಿಗೆ. ಬೀದಿದೀಪ, ಚರಂಡಿ, ಕುಡಿಯುವ ನೀರು ನಮಗೆ. ಸೂರಮ್ಮಕ್ಕ ಕೈ ಎತ್ತಿದರು. ಹೀಗೆ — ಪೂರಾ ಎತ್ತಿ.

"ಸಾಹೇಬ್ರೇ, ಆಕಾಶ ಅವ್ರಿಗೆ, ಭೂಮಿ ಇವ್ರಿಗೆ, ಮೋರಿ ನಮಗಾ?"

ಸಾಹೇಬರೂ ನಕ್ಕರು. ಆದರೆ ಆಕೆ ನಗಲಿಲ್ಲ. "ಮೋರೀನಾದ್ರೂ ನಮ್ ಕೈಯಾಗೆ ಐತಲ್ಲ, ಅದನ್ನ ಚೆಂದಾಗಿ ಇಟ್ಕಳಾನ" ಎಂದರು. ಆ ವರ್ಷ ಅವರ ವಾರ್ಡಿನ ಚರಂಡಿ ಹೇಗಿತ್ತು, ನನ್ನ ವಾರ್ಡಿನದು ಹೇಗಿತ್ತು — ಹೋಲಿಸಬೇಡಿ, ನನಗೆ ನಷ್ಟ.

ಈಗ ನಿಮಗೆ ಬೇಕಾದ ಮಾತಿಗೆ ಬರುತ್ತೇನೆ. ಅದಕ್ಕೇ ತಾನೇ ನಿಂತಿರುವುದು?

ಅಧ್ಯಕ್ಷನನ್ನು ಊರು ನೇರವಾಗಿ ಆರಿಸುವುದಿಲ್ಲ. ಊರು ನಮ್ಮನ್ನು ಆರಿಸುತ್ತದೆ, ನಾವು ಅಧ್ಯಕ್ಷನನ್ನು ಆರಿಸುತ್ತೇವೆ. ಗುಟ್ಟಿನ ಓಟು. ನಾವು ಹನ್ನೊಂದು ಜನ. ಒಂದು ಕಡೆ ಬಾಲರಾಜ್, ಒಂದು ಕಡೆ ನಾನು. ನನ್ನ ಕಡೆ ನಾನೂ ಸೇರಿ ಆರು. ಗೆದ್ದ ಲೆಕ್ಕ. ಆದರೂ ಗೆದ್ದ ಲೆಕ್ಕವನ್ನು ನಂಬದೆ, ಎಲ್ಲರೂ ಮಾಡುವ ಹಾಗೆ, ಹಿಂದಿನ ದಿನ ನನ್ನ ಅಂಗಡಿಯಲ್ಲಿ ತಟ್ಟೆಗೆ ಕರ್ಪೂರ ಹಚ್ಚಿದೆ. ಐವರೂ ಉರಿಯ ಮೇಲೆ ಕೈ ಇಟ್ಟು, ನನಗೇ ಓಟು ಎಂದು ಆಣೆ ಮಾಡಿದರು.

ಸೂರಮ್ಮಕ್ಕನೂ ಇಟ್ಟರು. ಇಟ್ಟು, "ಗುಟ್ಟಿನ ಓಟು ಅಂತೀರಿ, ಮತ್ತೆ ಈ ಬೆಂಕಿ ಯಾತುಕ್ಕೆ ಸಾವ್ಕಾರ್ರೇ?" ಎಂದರು. ಅಷ್ಟೇ. ಆಡಿದ್ದು ಅದೊಂದೇ ಮಾತು.

ಮರುದಿನ ಪೆಟ್ಟಿಗೆ ತೆರೆದರು. ನನಗೆ ಐದು. ಬಾಲರಾಜ್‌ಗೆ ಆರು.

ಐವರಲ್ಲಿ ಒಬ್ಬರು ಆಣೆ ಮುರಿದಿದ್ದರು. ಯಾರು? ಊರು ಲೆಕ್ಕ ಹಾಕಿತು. ಕರ್ಪೂರದ ಮುಂದೆ ಎದುರು ಮಾತಾಡಿದ್ದು ಯಾರು? ಸೂರಮ್ಮ. ಆಮೇಲೆ ಬೀದಿದೀಪ ಮೊದಲು ಬಂದದ್ದು ಯಾರ ಬೀದಿಗೆ? ಸೂರಮ್ಮನ ಬೀದಿಗೆ. ಕೂಡಿಸಿ ಗೆರೆ ಎಳೆದಾಯಿತು. ನಾನು ಜೀವನವಿಡೀ ಲೆಕ್ಕ ನೋಡಿದವನು, ಹೇಳುತ್ತೇನೆ ಕೇಳಿ — ತಪ್ಪು ಲೆಕ್ಕವೂ ಸರಿಯಾದ ಲೆಕ್ಕದಷ್ಟೇ ಚೆನ್ನಾಗಿ ಕೂಡಿಬರುತ್ತದೆ.

ಮೊದಲು ಹೋಟೆಲಿನ ಮುಂದೆ ಗಾದ್ರಪ್ಪ ಅಂದ, "ಲೇ, ಆಣೆ ಮುರಿದ ಕೈಯಾಗೆ ಮಿರ್ಚಿ ಕರಿತಾಳೆ ಕಣ್ರಲೇ, ತಿಂದ್ರೆ ಹೊಟ್ಟಿ ಉರಿತೈತೆ." ಆತ ನಗೆಗೆ ಅಂದದ್ದು. ಆದರೆ ಆಮೇಲೆ ಬೆಂಚು ಖಾಲಿಯಾಯಿತು. ತಳಕಿನ ಬಸ್ಸು ಇಳಿದವರು ಎದುರಿನ ಚಹಾದ ಗಾಡಿಗೆ ಹೋದರು. ಸೊಸೆಯನ್ನು ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಸಲಿಲ್ಲ. ಮೊಮ್ಮಗಳಿಗೆ ಜ್ವರ ಬಂತು — ದೇವರ ಸಿಟ್ಟು. ಆಡು ಸತ್ತಿತು — ದೇವರ ಸಿಟ್ಟು. ಈ ಬಿಸಿಲು ಸೀಮೆಯಲ್ಲಿ ಯಾರ ಮನೆಯ ಆಡು ಸತ್ತಿಲ್ಲ, ಹೇಳಿ?

ಒಂದು ಮಧ್ಯಾಹ್ನ ನಾನೇ ಹೋದೆ. ಸೋತವನು ನಾನು, ಕೇಳುವ ಹಕ್ಕಿದ್ದರೆ ನನಗಿತ್ತು. ಒಲೆ ಉರಿಯುತ್ತಿತ್ತು, ಗಿರಾಕಿ ಇರಲಿಲ್ಲ.

"ಏನ್ ಸಾವ್ಕಾರ್ರೇ, ಚಾ ಕುಡಿಯಾಕೆ ಬಂದ್ರೋ, ಸೋತಿದ್ದಕ್ಕೆ ಸಾಕ್ಷಿ ಹುಡುಕಾಕೆ ಬಂದ್ರೋ?"

"ಎರಡಕ್ಕೂ ಕಣಕ್ಕ. ನಾನಲ್ಲ ಅಂತ ಒಂದು ಮಾತು ಹೇಳಿಬಿಡು. ನಾನು ನಂಬ್ತೀನಿ. ಊರಿಗೂ ಹೇಳ್ತೀನಿ."

ಅವರು ಚಹಾ ಸೋಸುತ್ತಲೇ ಇದ್ದರು. "ನಾನಲ್ಲ ಅಂತ ನಾನಂತೀನಿ. ಆಮೇಲೆ?"

"ಆಮೇಲೇನು? ಮುಗೀತು."

"ಎಲ್ಲಿ ಮುಗೀತೈತೆ? ನಾಲ್ಕು ಮನೆ ಉಳೀತಾವೆ. ಅವರ ಬಾಗ್ಲಿಗೂ ಹೋಗ್ತೀರಿ. ಒಬ್ರು ನಾನಲ್ಲ ಅಂತಾರೆ, ಇನ್ನೊಬ್ರೂ ಅಂತಾರೆ. ಕಡೀಗೆ ಬಾಯಿ ಬಿಡದೋರು ಯಾರು ಉಳೀತಾರೋ ಅವರ ಮನೆ ಒಲೆ ಆರಿಸ್ತೀರಿ. ನನ್ ಒಲೆ ಹೆಂಗೂ ಆರ್ದಂಗೇ ಐತೆ. ಅಲ್ಲಿಗೆ ಸಾಕು ಬಿಡ್ರಿ."

"ಹಂಗಾದ್ರೆ ನೀನಲ್ಲ ಅಂತ ಆಯ್ತಲ್ಲಕ್ಕ?"

ಅದಕ್ಕೆ ಲೋಟ ಕುಕ್ಕಿದರು — ಹೀಗೆ. "ಊರ್ಕೋ ನಾಯನಾ, ಸುಮ್ಕಿರಪ್ಪ! ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಗುಟ್ಟಿನ ಓಟು ಅಂದ್ರೆ ತಪ್ಪು ಮಾಡ್ದೋರಷ್ಟೇ ಅಲ್ಲ, ಮಾಡದೋರೂ ಬಾಯಿ ಮುಚ್ಕೊಂಡಿರ್ಬೇಕು. ಇಲ್ಲಾಂದ್ರೆ ಅದೇನು ಗುಟ್ಟು?"

ನಾನು ಚಹಾ ಕುಡಿದು ಎದ್ದೆ. ನೂರು ಬಾರಿ ತಿರುಗಿಸಿ ನೋಡಿದ್ದೇನೆ ಆ ಮಾತನ್ನು. ತೂಕದಲ್ಲಿ ಎಲ್ಲೂ ಮೋಸ ಸಿಕ್ಕಿಲ್ಲ.

ಕಳೆದ ವಾರ ಸೂರಮ್ಮಕ್ಕನಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಹೆಣ ಮನೆಗೆ ಬಂದಾಗ — ಹೇಳಲೇಬೇಕು, ಹೇಳುತ್ತೇನೆ — ಐದು ವರ್ಷದ ಅವಧಿಗೆ ಈ ಊರು ಓಟು ಕೊಟ್ಟು ಕಳಿಸಿದ ಹೆಂಗಸಿಗೆ ಈ ಊರಿನಲ್ಲಿ ನಾಲ್ಕು ಹೆಗಲು ಸಿಗಲಿಲ್ಲ. ದೊಡ್ಡಪಾಲಯ್ಯನವರು ಕೊಂಡ್ಲಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಹೆಗಲುಗಳನ್ನು ತರಬೇಕಾಯಿತು. ಹೊರಲು ಹೋದ ನನ್ನನ್ನು ಅಂಜಿನೇಯ ಸರಿಸಿದ. ಸರಿಯಾಗೇ ಸರಿಸಿದ.

ನಾಳೆ ತಿಥಿ. ಆಣೆಗೇಡಿಯ ಮನೆಯಲ್ಲಿ ಉಂಡು ಕೈ ತೊಳೆಯುವುದಿಲ್ಲ ಎಂದು ಊರು ಹೇಳಿದೆ. ಈಗ ಸಭೆಗೆ ಮುಂಚೆ ಅಂಜಿನೇಯ ನನ್ನ ಕೈ ಹಿಡಿದುಕೊಂಡ. "ಸಾವ್ಕಾರ್ರೇ, ನಮ್ಮವ್ವ ಆಣೆ ಮುರೀಲಿಲ್ಲ ಅಂತ ಮೈಕಿನಾಗೆ ಒಂದು ಮಾತು ಹೇಳ್ರಿ. ನಾಳೆ ಎಲೆ ಖಾಲಿ ಬಿದ್ರೆ ಈ ಊರಾಗೆ ನಾವು ಬಾಳಾಂಗಿಲ್ಲ."

ಅಂಜಿನೇಯ — ಆ ಮಾತು ಹೇಳಲಾರೆನಪ್ಪ. ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ನಿಮ್ಮವ್ವ ಪ್ರಾಣ ಇರುವವರೆಗೂ ಮುಚ್ಚಿದ ಬಾಗಿಲನ್ನು ಅವಳ ತಿಥಿಯ ಹಿಂದಿನ ದಿನ ನಾನು ಒದೆಯಲೇ? ಬಾಲರಾಜಣ್ಣ, ನಿನಗೇನಾದರೂ ಗೊತ್ತಿದ್ದರೆ ನೀನೂ ಹೇಳಬೇಡ. ತಲೆ ಅಲ್ಲಾಡಿಸಲೂ ಬೇಡ.

ಆದರೆ ಇನ್ನೊಂದು ಮಾತು ನನ್ನ ಕೈಯಲ್ಲಿದೆ.

ಹಿರಿಯರೇ, ನಮ್ಮ ಪದ್ಧತಿ ಏನು? ಆಣೆ ಯಾರಿಗೆ ಮಾಡಿದರೋ ಅವನೇ ಅದನ್ನು ಬಿಡಿಸಬಹುದು. ದೇವರು ನಡುವೆ ಬರುವುದಿಲ್ಲ. ಹೌದೋ, ಅಲ್ಲವೋ? — ಹೌದೆನ್ನಿ. ಗಟ್ಟಿಯಾಗಿ. ಅದು ನನಗೆ ಮಾಡಿದ ಆಣೆ. ಇಲ್ಲಿ, ನೀವೆಲ್ಲ ಸಾಕ್ಷಿಯಾಗಿ, ಆ ಐವರನ್ನೂ ಬಿಡಿಸಿದ್ದೇನೆ. ಓಟು ಕೊಟ್ಟವರನ್ನೂ ಬಿಡಿಸಿದ್ದೇನೆ, ಕೊಡದವರನ್ನೂ ಬಿಡಿಸಿದ್ದೇನೆ. ಕೇಳಬಾರದ ಆಣೆ ಅದು. ಊರು ಅವರಿಗೆ ಕೊಟ್ಟ ಓಟಿಗೆ ನಾನು ಬೀಗ ಹಾಕುವಂತಿರಲಿಲ್ಲ. ಇನ್ನು ಈ ಊರಿನಲ್ಲಿ ಆಣೆಗೇಡಿ ಎಂಬವರು ಯಾರೂ ಇಲ್ಲ. ಸತ್ತವರಲ್ಲೂ ಇಲ್ಲ, ಬದುಕಿದವರಲ್ಲೂ ಇಲ್ಲ.

ನಾಳೆ ಸೂರಮ್ಮಕ್ಕನ ಮನೆಯ ಮೊದಲ ಪಂಕ್ತಿಯಲ್ಲಿ ನಾನು ಕೂರುತ್ತೇನೆ. ಅಂಜಿನೇಯ ಬಡಿಸಿದರೆ ಉಣ್ಣುತ್ತೇನೆ, ಬಡಿಸದಿದ್ದರೆ ಬರಿ ಎಲೆ ಮುಂದಿಟ್ಟುಕೊಂಡು ಕೂತಿರುತ್ತೇನೆ. ನನ್ನ ಪಕ್ಕದ ಎಲೆಗಳು ನಿಮ್ಮ ಲೆಕ್ಕ.

ಈಗ ಎಲ್ಲರೂ ಎದ್ದು ನಿಲ್ಲಬೇಕು. ಗೋಡೆ ಬಿಟ್ಟು ನಿಲ್ಲಿ. ಸೂರಮ್ಮಕ್ಕನಿಗಾಗಿ ಒಂದು ನಿಮಿಷ ಮೌನ. ಆ ಐವರಲ್ಲಿ ಉಳಿದ ನಾಲ್ವರೂ ಇಲ್ಲೇ ಇದ್ದಾರೆ, ನಿಮ್ಮ ನಡುವೆಯೇ. ಅದಕ್ಕೇ ಕೈ ಮುಗಿದು ಕೇಳುತ್ತೇನೆ —

ತಲೆ ತಗ್ಗಿಸಿ. ಯಾರೂ ಯಾರ ಮುಖವನ್ನೂ ನೋಡಬೇಡಿ.