ಮಾತು ಬಂದ ಮೇಲೆ ಜೆಪ್

ಹಾಲಿವುಡ್ಡಿನ ಟ್ರಾಮಿನಲ್ಲಿ ಕುಳಿತಿದ್ದ ದರ್ಜಿ ವಿನಿಫ್ರೆಡ್‌ಗೆ ಮುಂದಿನ ಸೀಟಿನ ನಾಯಿಯ ಗುರುತು ಥಟ್ಟನೆ ಹತ್ತಿತು. ಮೂಕಿಚಿತ್ರಗಳಲ್ಲಿ ಊರಿಗೆ ಊರೇ ಕಣ್ಣೀರಿಡುವಂತೆ ಮಾಡಿದ್ದ ಜೆಪ್! ಅವನನ್ನು ಪಳಗಿಸಿದಾತ ಹೆಂಡತಿಯೆದುರು ಗೋಳಾಡುತ್ತಿದ್ದ.

“ಸಿನಿಮಾಗೆ ಮಾತು ಬಂತಲ್ಲ, ಲಾಟಿ. ಮೈಕಿನ ಮುಂದೆ ನಾನು ‘ಹಾರು, ಮಲಗು’ ಅಂತ ಕೂಗೋ ಹಾಗಿಲ್ಲ. ಇವತ್ತು ಸ್ಟುಡಿಯೋದಲ್ಲಿ ನಡೆಯೋ ಪರೀಕ್ಷೇಲಿ ಇವನ ಕತೆ ಮುಗಿದ ಹಾಗೇ.”

“ನೀನು ಕೂಗಿದ್ದು ಇವನಿಗೆ ಕೇಳಿಸಿದ್ರೆ ತಾನೆ, ಆರ್ವಿಲ್?”

“ಅಂದ್ರೆ?”

“ಹೋದ ಚಳಿಗಾಲದಿಂದ ಇವನಿಗೆ ಕಿವಿ ಕೇಳಲ್ಲ ಮಾರಾಯ. ಹಿಂದೆ ಪಾತ್ರೆ ಬಿದ್ರೂ ತಿರುಗಲ್ಲ.”

“ಮತ್ತೆ ಮೊನ್ನೆ ತೆಗೆದ ಆ ಬೆಂಕಿ ದೃಶ್ಯ? ಹೇಳಿದ ಹಾಗೇ ಮಾಡಿದ್ನಲ್ಲ!”

“ಕೂಗುವಾಗ ಕೈ ಬೀಸ್ತೀಯಲ್ಲ, ಅದನ್ನ ನೋಡ್ಕೊಂಡೇ ಮಾಡಿದ್ದು.”

ಆರ್ವಿಲ್ ತುಟಿ ಬಿಚ್ಚದೆ ಕೈ ಎತ್ತಿದ. ಜೆಪ್ ಎದ್ದು ನಿಂತ.

“ಅಯ್ಯೋ ಕಳ್ಳ, ನನ್ನ ಮುಂದೆಯೂ ನಟನೆ ಮಾಡಿಬಿಟ್ಯಲ್ಲೋ!” ಎನ್ನುತ್ತ ಆರ್ವಿಲ್ ಅವನನ್ನು ಮಗುವಿನಂತೆ ಎತ್ತಿಕೊಂಡು ಸ್ಟುಡಿಯೋದ ಬಳಿ ಇಳಿದ.