ಮಿಕ್ಕವರ ರಕ್ತ

ಜಾಗ್ರೆಬ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದು, ತೋಳಿಗೆ ಹತ್ತಿ ಒತ್ತಿಕೊಂಡು ಟ್ರಾಮ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ಅದೇ ಲ್ಯಾಬಿನ ಹಿರಿಯಾಕೆ ಲ್ಯೆರ್ಕಾ, ಬುರೆಕ್ ಎಂಬ ಅಲ್ಲಿನ ಖಾರದ ಕಡುಬು ತಿನ್ನುತ್ತ, ಅಲ್ಲಿ ತರಬೇತಿಗೆ ಬಂದಿದ್ದ ತೆನಾಳನ್ನು ಬೈಯುತ್ತಿದ್ದಳು.

“ನಮ್ಮ ಲ್ಯಾಬನ್ನ ಅಳೆಯೋಕೇ ಅಂತ ಹೊರಗಿನೋರು ಕಳಿಸಿದ ರಕ್ತ ಅದು. ಒಂದೇ ಸಲ ನೋಡಿ ಉತ್ತರ ಕಳಿಸ್ಬಿಟ್ಯಲ್ಲೇ ಮಹಾತಾಯಿ!”

“ರೋಗಿಗಳದ್ದನ್ನ ನೋಡೋ ಹಾಗೇ ನೋಡ್ಬೇಕು ಅಂತ ನಿಯಮ ಇದೆ, ಮೇಡಂ.”

“ನಿಯಮವಂತೆ! ಮೂರು ಸಲ ನೋಡಿ, ಚೆನ್ನಾಗಿರೋದನ್ನ ಕಳಿಸೋದು ನಮ್ಮ ರೂಢಿ. ಈಗ ನೋಡು, ಉತ್ತರ ತಪ್ಪು ಅಂತ ಬಂತು. ನಿನ್ನ ತರಬೇತಿಗೆ ನಾನ್ಯಾಕೆ ಸಹಿ ಹಾಕ್ಲಿ?”

“ಮಷಿನ್ ತಪ್ಪು ತೋರಿಸ್ತಿದೆ ಅಂತ ಗೊತ್ತಾಯ್ತಲ್ಲ, ಮೇಡಂ.”

“ಬಾಯಿ ನೋಡು ಇವಳದ್ದು! ಹೋಗ್ಲಿ, ನಾಳೆ ನಮ್ಮಮ್ಮನ ರಕ್ತ ಬರುತ್ತೆ. ಎರಡು ಸಲ ನೋಡು.”

“ನಮ್ಮನ್ನ ಅಳೆಯೋ ರಕ್ತಕ್ಕೆ ಮೂರು ಸಲ, ನಿಮ್ಮಮ್ಮನದ್ದಕ್ಕೆ ಎರಡು. ಮಿಕ್ಕೋರಿಗೆ?”

ಲ್ಯೆರ್ಕಾ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದಳು.

“ಸಹಿ ವಿಷಯ ಆಮೇಲೆ ನೋಡೋಣ. ನಡಿ, ಟ್ರಾಮ್ ಬಂತು.”

ಇಬ್ಬರೂ ಹೋದರು. ನಾನು ಹೋಗಬೇಕಿದ್ದದ್ದೂ ಅದೇ ಟ್ರಾಮಿನಲ್ಲಿ. ಆದರೆ ಮಿಕ್ಕವರಲ್ಲೊಬ್ಬನಾದ ನಾನು ಹತ್ತಿಯನ್ನು ರಸ್ತೆಗೆಸೆದು, ಆಸ್ಪತ್ರೆಯ ಕಡೆಗೇ ವಾಪಸ್ ನಡೆದೆ.